ಹೆಸರು ಕೇಳದ ಸರ್ವರ್

ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಬ್ಯಾಂಕಿನವನನ್ನು ಕಟ್ಟಿಕೊಂಡವಳಿಗೆ ಯಾರು ನೌಕರಿ ಕೊಡುತ್ತಾರೆ? ನಾಸಿಕ್‌ನಲ್ಲಿ ನನ್ನ ಇಂಜಿನಿಯರಿಂಗ್ ಪದವಿಗೆ ಉಳಿದದ್ದು ಪರಿಚಯದವರ ಪ್ರಿಂಟರ್ ರಿಪೇರಿ. ಅದಕ್ಕೇ ಹಳೆಯ ಕಂಪ್ಯೂಟರೊಂದನ್ನು ಹೊಲಿಗೆ ಯಂತ್ರದ ಪಕ್ಕ ಇಟ್ಟು, ಇಂಟರ್ನೆಟ್ಟಿನಲ್ಲಿ ಜನರ ಗುರುತು ಮರೆಮಾಚುವ ಜಾಲವೊಂದಕ್ಕೆ ಪುಕ್ಕಟೆ ಸರ್ವರ್ ನಡೆಸತೊಡಗಿದೆ. ಗಂಡ ಅದಕ್ಕೆ ನನ್ನ ಅರವಟ್ಟಿಗೆ ಎಂದು ಹೆಸರಿಟ್ಟ.

ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಬಂದ ನಮ್ಮ ಕನ್ನಡದ ಹೆಂಗಸರು ಅದೇನು ಗುಂಯ್ ಅನ್ನುತ್ತಿದೆ ಎಂದು ಕೇಳಿದರು. ವಿವರಿಸಿದೆ. ಯಾರೋ ಇಂಟರ್ನೆಟ್ಟಿನಲ್ಲಿ ಕೇಳಿದ್ದು ಇಂಥ ಮೂರು ಕಂಪ್ಯೂಟರ್‌ಗಳ ಕೈ ದಾಟಿ ಹೋಗುತ್ತದೆ. ಒಂದೊಂದಕ್ಕೂ ತನ್ನ ಹಿಂದಿನವರು, ಮುಂದಿನವರು ಅಷ್ಟೇ ಗೊತ್ತು. ಯಾರು ಏನು ಕೇಳಿದರೆಂಬುದು ಪೂರ್ತಿ ಯಾವುದಕ್ಕೂ ಗೊತ್ತಾಗದು. ಎಳ್ಳುಂಡೆ ಕಡಿಯುತ್ತಿದ್ದ ಮ್ಯಾನೇಜರರ ಹೆಂಡತಿ, ಹೆಸರು ಮುಚ್ಚಿಡುವವರು ಕಳ್ಳರೇ ಇರಬೇಕು ಎಂದು ತೀರ್ಪು ಕೊಟ್ಟರು. ಎಲ್ಲರೂ ತಲೆಯಾಡಿಸಿದರು. ನನ್ನ ಗಂಡನ ಬಡ್ತಿ ಅವರ ಗಂಡನ ಕೈಯಲ್ಲಿದ್ದುದರಿಂದ ನಾನೂ ಆಡಿಸಿದೆ.

ಮುಂದಿನ ವಾರ ಮಟಮಟ ಮಧ್ಯಾಹ್ನ ಅದೇ ಮ್ಯಾನೇಜರರ ಹೆಂಡತಿ ಒಬ್ಬರೇ ಬಂದರು. ಏನೋ ಹುಡುಕಬೇಕಿತ್ತಂತೆ. ಮನೆಯ ಕಂಪ್ಯೂಟರಿನಲ್ಲಿ ಅವರು ಏನೇನು ನೋಡಿದರೆಂದು ಗಂಡ ಸಂಜೆ ಬಂದು ತಪಾಸಣೆ ಮಾಡುತ್ತಾರಂತೆ. ಇದು ಗಂಡನಿಗೆ ಗೊತ್ತಾದರೆ ತಮ್ಮ ಕಥೆ ಮುಗಿಯಿತು ಎಂದರು.

ಜಾಲವನ್ನು ತೆರೆದುಕೊಟ್ಟು ನನ್ನ ಭಾಷಣ ಮತ್ತೆ ಶುರುಮಾಡಿದೆ. ಅವರು ನಡುವೆಯೇ ತಡೆದರು.

"ಮೂರೂ ಕಂಪ್ಯೂಟರ್‌ಗೆ ಗೊತ್ತಾಗೂದಿಲ್ಲ, ಖರೆ. ನೀವು ಇಲ್ಲೇ ಕುಂತೀರಲ್ರಿ?"

ಸುದ್ದಿಯೊಂದು ನನ್ನ ಬಾಯಿಗೆ ಬಿದ್ದರೆ ಸಂಜೆಯೊಳಗೆ ಊರಾಚೆಯ ಓಝರ್‌ನ ವಿಮಾನ ಕಾರ್ಖಾನೆಯ ಕ್ವಾರ್ಟರ್ಸ್‌ವರೆಗೂ ಹೋಗುತ್ತದೆಂದು ನಮ್ಮ ಬಳಗಕ್ಕೆಲ್ಲ ಗೊತ್ತಿತ್ತು. ಎದ್ದು ಹೊರಬಂದು ಕೋಣೆಯ ಬಾಗಿಲೆಳೆದುಕೊಂಡೆ. ಒಳಗಿನಿಂದ ಚಿಲಕ ಬಿತ್ತು. ನನ್ನದೇ ಮನೆಯಲ್ಲಿ, ನನಗೇ.

ಅಡುಗೆಮನೆಯಲ್ಲಿ ನಿಂತು ಒದ್ದಾಡಿದೆ. ಕಾಯಿಲೆಯೋ, ಕೋರ್ಟೋ, ತವರಿನ ಆಸ್ತಿಯೋ? ತಿಳಿಯದಿದ್ದರೆ ಹೊಟ್ಟೆ ಒಡೆದೀತು ಅನ್ನಿಸಿತು. ಆ ಕೋಣೆಯ ಕಿಟಕಿಯ ಕಡೆಗೆ ಎರಡು ಸಲ ಹೋಗಿ ವಾಪಸು ಬಂದೆ. ಕೊನೆಗೆ, ನಾನು ದೂರದಲ್ಲಿದ್ದೇನೆಂದು ಅವರಿಗೂ ಕೇಳಿಸಲಿ, ನನಗೂ ಇನ್ನೇನೂ ಕೇಳಿಸದಿರಲಿ ಎಂದು ಖಾಲಿ ಮಿಕ್ಸಿ ತಿರುಗಿಸುತ್ತ ನಿಂತೆ.

ಅವರು ಹೊರಬಂದಾಗ ಕಣ್ಣು ಕೆಂಪಗಾಗಿತ್ತು. ಚಹಾ ಕೊಟ್ಟೆ, ಕೊತ್ತಂಬರಿಯ ದರದ ಬಗ್ಗೆ ಏನೇನೋ ಹರಟಿದೆ. ಅವರು ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟರು.

"ಏನು ನೋಡಿದೆ ಅಂತ ಕೇಳೂದಿಲ್ಲೇನ್ರಿ?"

"ಇಲ್ರಿ" ಎಂದೆ. ಅಷ್ಟು ಹೇಳುವುದರಲ್ಲಿ ಜೀವ ಹೋಗಿ ಬಂತು.

ಅವರು ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದರು.

"ಹಂಗಾರ ನಾಳೆ ಮತ್ತ ಬರ್ತೀನ್ರಿ."