ಚಪ್ಪಲಿ ಬಿಟ್ಟ ಜಾಗ

ಶಾಂತಾದೇವಿಯವರು ದಿನಾ ಬೆಳಗ್ಗೆ ಎರಡು ಲಿಂಗಗಳಿಗೆ ಪೂಜೆ ಮಾಡುತ್ತಿದ್ದರು. ಮೊದಲು ತಮ್ಮದಕ್ಕೆ, ಆಮೇಲೆ ಇನ್ನೊಂದಕ್ಕೆ. ನಾನು ಅದನ್ನು ನೋಡಿದ್ದು ಕುಮಟಾದ ಒಂದು ಛತ್ರದ ಹಿಂದಿನ ಜಗಲಿಯಲ್ಲಿ, ನಮ್ಮ ಕಾಲೇಜಿನ ಜಿಯಾಲಜಿ ಟ್ರಿಪ್ಪಿನ ಎರಡನೆಯ ದಿನ. ಮೈಸೂರಿನಿಂದ ನಲವತ್ತೆರಡು ಜನ ಹೊರಟಿದ್ದೆವು. ಬಸ್ಸು ಟ್ರಾವೆಲ್ಸಿನವರದು, ಒಲೆ, ಪಾತ್ರೆ, ಅಡುಗೆಯವರು ಎಲ್ಲ ಅವರದೇ. ಆ ಅಡುಗೆಯವರೇ ಶಾಂತಾದೇವಿ. ಹಿಂದಿನ ಸಂಜೆ ಬಸ್ಸಿನ ಕಿಟಕಿಯಿಂದ ಜೀವನದಲ್ಲಿ ಮೊದಲ ಸಲ ಸಮುದ್ರ ನೋಡಿದ್ದ ಖುಷಿಗೆ ನನಗೆ ಎಲ್ಲರಿಗಿಂತ ಮೊದಲೇ ಎಚ್ಚರವಾಗಿತ್ತು. ಕಾಫಿ ಸಿಗುತ್ತದೇನೋ ಎಂದು ಹಿಂದೆ ಹೋದರೆ, ಅವರು ಅಕ್ಕಿ ಮೂಟೆಯ ಪಕ್ಕ ಕೂತು, ಹಣೆ ತುಂಬ ವಿಭೂತಿ ಬಳಿದುಕೊಂಡು, ಎಡ ಅಂಗೈಯಲ್ಲಿ ಲಿಂಗ ಹಿಡಿದಿದ್ದರು. ಮಡಿಲಲ್ಲಿ ಲಿಂಗವಿಡುವ ಇನ್ನೊಂದು ಬೆಳ್ಳಿ ಕರಡಿಗೆ ಇತ್ತು.

"ಎರಡ್ಯಾಕೆ ಅಕ್ಕ? ಒಂದು ಸ್ಪೇರಾ?" ಎಂದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವರು ಪೂಜೆ ಮುಗಿಸಿ, ಎರಡನೆಯದನ್ನು ಕರಡಿಗೆಯೊಳಗಿಟ್ಟು ಮುಚ್ಚಿದ ಮೇಲೆ ಉತ್ತರ ಕೊಟ್ಟರು. "ಇದು ನಮ್ಮ ಯಜಮಾನ್ರುದು ಕಣವ್ವ."

"ಅವರು ಬರಲಿಲ್ವಾ?"

"ಅವ್ರು ಇಲ್ಲೇ ಅವ್ರೆ. ನೀವು ಇವತ್ತು ಕಲ್ಲು ನೋಡಕ್ಕೆ ಹೋಗ್ತೀರಲ್ಲ ಒಂದು ಗುಡ್ಡ, ಅಲ್ಲಿ. ಒಂಬತ್ತು ವರ್ಷ ಆಯ್ತು." ಎದ್ದು ಒಲೆ ಹಚ್ಚಿದರು. "ಕೂತ್ಕೊ. ಕಾಫಿ ಕೊಡ್ತೀನಿ. ಬಾಯಿ ಮಾತ್ರ ಸ್ವಲ್ಪ ಮುಚ್ಕೊ."

ನಾನು ಬಾಯಿ ಮುಚ್ಚಿಕೊಂಡೆ. ಅವರು ಹುರುಳಿಕಾಯಿ ಹೆಚ್ಚುತ್ತಾ ಹೇಳಿದರು.

ಗಂಡ ಸಿದ್ದಲಿಂಗಸ್ವಾಮಿ ಅಡುಗೆ ಕಲಿತದ್ದು ಮಠದ ದಾಸೋಹದಲ್ಲಿ. ಸಾವಿರ ಜನಕ್ಕೆ ಸಾರು ಮಾಡಿದರೂ ಉಪ್ಪು ನೋಡಲು ನಾಲಿಗೆಗೆ ಹಾಕಿಕೊಳ್ಳುತ್ತಿರಲಿಲ್ಲ, ವಾಸನೆಯಲ್ಲೇ ಹೇಳುತ್ತಿದ್ದರು. ಮದುವೆಯಾದ ಮೇಲೆ ವಿದ್ಯಾರಣ್ಯಪುರದಲ್ಲಿ ಒಂದು ಕೋಣೆಯ ಬಾಡಿಗೆ ಮನೆ ಹಿಡಿದು ಟ್ರಾವೆಲ್ಸಿಗೆ ಸೇರಿದರು. ಮಕ್ಕಳಾಗಲಿಲ್ಲ. ಎಲ್ಲಿಗೆ ಹೋದರೂ ಬೆಳಗ್ಗೆ ಲಿಂಗಪೂಜೆಯಾಗದೆ ಬಾಯಿಗೆ ಹನಿ ನೀರು ಬಿಡುತ್ತಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಕರಾವಳಿ ಟೂರಿಗೆ ಹೊರಟ ಬೆಳಗ್ಗೆ, ಲಿಂಗ ಕಟ್ಟಿಕೊಳ್ಳುವ ಶಿವದಾರ ಹರಿಯಿತು. ಬೀದಿಯಲ್ಲಿ ಬಸ್ಸು ಹಾರ್ನ್ ಮಾಡುತ್ತಿತ್ತು. ಹೊಸ ದಾರ ಹೊಸೆದು ಕೊಡು ಎಂದರು ಗಂಡ. ಹೆಂಡತಿ, ಮೂರು ದಿನ ತಾನೆ, ಬಿಟ್ಟು ಹೋಗಿ, ನಿಮ್ಮ ಪಾಲಿನ ಪೂಜೆ ನಾನೇ ಮಾಡುತ್ತೇನೆ ಎಂದರು.

"ಆ ಮಾತು ಆಡ್ಬಾರ್ದಿತ್ತು," ಎಂದರು ಶಾಂತಾದೇವಿ. "ಆಡ್ಬುಟ್ಟೆ. ಅವ್ರು ಕೊರಳು ಮುಟ್ಟಿ ಮುಟ್ಟಿ ನೋಡ್ಕೊತಾ ಬಸ್ ಹತ್ತಿದ್ರು. ಮಾರನೇ ದಿನ ಆ ಗುಡ್ಡದಿಂದ ಕೆಳಕ್ಕೆ ಹೋದ್ರು. ಹೆಣ ಸಿಗ್ಲಿಲ್ಲ."

ಅವರಲ್ಲಿ ಸತ್ತವರನ್ನು ಸುಡುವುದಿಲ್ಲ. ಕುಳ್ಳಿರಿಸಿ, ಎಡಗೈಯಲ್ಲಿ ಅವರ ಲಿಂಗವನ್ನಿಟ್ಟು ಮಣ್ಣು ಮಾಡುತ್ತಾರೆ. ಇಲ್ಲಿ ಕೈಯೂ ಇಲ್ಲ, ಮಣ್ಣೂ ಇಲ್ಲ, ಲಿಂಗ ಒಂದು ಉಳಿದಿತ್ತು. ಶಾಂತಾದೇವಿ ಅದೇ ಟ್ರಾವೆಲ್ಸಿನಲ್ಲಿ ಅಡುಗೆಗೆ ಸೇರಿ, ಕೊಟ್ಟ ಮಾತಿನಂತೆ ಎರಡು ಪೂಜೆ ಮಾಡುತ್ತಾ ಬಂದರು. ಮಂತ್ರಾಲಯ, ಧರ್ಮಸ್ಥಳ ಎಂದರೆ ಹೊರಡುತ್ತಿದ್ದರು, ಸಮುದ್ರವಿರುವ ಕಡೆಗೆ ಮಾತ್ರ ಇಲ್ಲ. ಹೋದ ತಿಂಗಳು ಡಾಕ್ಟರು ಅವರ ಹೃದಯದ ಕವಾಟ ಕೆಟ್ಟಿದೆ, ಬಹಳ ದಿನ ತಡೆಯುವುದಿಲ್ಲ ಎಂದರು.

"ನಾನು ಹೋದ್ರೆ ನನ್ ಲಿಂಗ ನನ್ ಜೊತೆ ಮಣ್ಣಿಗೆ ಹೋಗ್ತದೆ. ಅವ್ರುದು ಎಲ್ಲಿಗೋಗ್ಬೇಕು? ಯಾರಾದ್ರೂ ಬೆಳ್ಳಿ ಕಿತ್ಕೊಂಡು ಕಲ್ಲು ಬಿಸಾಕ್ತಾರೆ. ಮಠದಲ್ಲಿ ಸ್ವಾಮ್ಗಳು ಬುದ್ಧಿಯವ್ರನ್ನ ಕೇಳ್ದೆ. ನಿನ್ ಗಂಡ ಹೋದ ಜಾಗದ ಒಂದು ಹಿಡಿ ಮಣ್ಣು ತಗೊಂಬಾ, ಅದರಲ್ಲಿ ಲಿಂಗ ಇಟ್ಟು ಸಮಾಧಿ ಮಾಡಾಣ ಅಂದ್ರು. ಅದಕ್ಕೇ ಬಂದೆ." ಸೊಂಟದಲ್ಲಿದ್ದ ಒಂದು ಸ್ಟೀಲ್ ಡಬ್ಬಿ ತೋರಿಸಿದರು. "ಒಂದು ಹಿಡಿ ಸಾಕಂತೆ."

ಒಂಬತ್ತೂವರೆಗೆ ಗುಡ್ಡಕ್ಕೆ ಹೋದೆವು. ಅಂಥ ಜಾಗ ಇರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ. ನೆಲ ಸಮುದ್ರದೊಳಕ್ಕೆ ಮೂಗು ಚಾಚಿದಂತಿತ್ತು. ಮೇಲೆಲ್ಲ ಕೆಂಪು ಜಂಬಿಟ್ಟಿಗೆ ಕಲ್ಲು, ಜೇನುಗೂಡಿನ ಹಾಗೆ ತೂತು ತೂತು. ಬದಿಯಲ್ಲಿ ಕೇದಗೆಯ ಮುಳ್ಳು ಪೊದೆ, ತುದಿಯಲ್ಲಿ ಒಮ್ಮೆಲೇ ನೆಲ ಮುಗಿದು ಐವತ್ತು ಅಡಿ ಕೆಳಗೆ ಕಪ್ಪು ಬಂಡೆ, ಅದರ ಮೇಲೆ ಅಲೆ ಒಡೆದು ಸುಣ್ಣದ ನೀರಿನಂತೆ ಹರಿಯುತ್ತಿತ್ತು. ಗಾಳಿಗೆ ಉಸಿರು ಬಾಯೊಳಕ್ಕೇ ವಾಪಸ್ಸು ಹೋಗುತ್ತಿತ್ತು, ನಾನು ಸುಮ್ಮಸುಮ್ಮನೆ ನಗುತ್ತಿದ್ದೆ. ಆಮೇಲೆ ಬೋರ್ಡು ಕಂಡಿತು. ಕೆಳಗಿಳಿಯಬೇಡಿ, ಇಲ್ಲಿಯವರೆಗೆ ಸತ್ತವರು ಇಷ್ಟು, ಎಂದು ಬರೆದಿತ್ತು. ಸಂಖ್ಯೆಯ ಜಾಗದಲ್ಲಿ ಮಾತ್ರ ಬಣ್ಣ ದಪ್ಪವಾಗಿತ್ತು, ಹಳೆಯದರ ಮೇಲೆ ಹೊಸದು, ಅದರ ಮೇಲೆ ಮತ್ತೊಂದು. ಅದರಲ್ಲೊಬ್ಬರು ಯಾರೆಂದು ನನಗೆ ಗೊತ್ತಿತ್ತು. ನಗು ನಿಂತಿತು.

ನಮ್ಮ ಜಿಯಾಲಜಿ ಮೇಷ್ಟ್ರು ಪ್ರಸನ್ನ ಸರ್ ಎಲ್ಲರನ್ನೂ ಗುಡ್ಡದ ಇನ್ನೊಂದು ಬದಿಗೆ ಕರೆದುಕೊಂಡು ಹೋಗಿ ಪಾಠ ಶುರುಮಾಡಿದರು. ನಾನು ಮೆಲ್ಲಗೆ ಹಿಂದೆ ಉಳಿದೆ. ಶಾಂತಾದೇವಿ ಡಬ್ಬಿ ಮತ್ತು ದೋಸೆ ತಿರುವುವ ಉದ್ದನೆಯ ಕಬ್ಬಿಣದ ಮೊಗಚೆಕೈ ಹಿಡಿದು ನೆಲ ನೋಡುತ್ತಾ ನಡೆಯುತ್ತಿದ್ದರು. ಮಳೆಗಾಲದ ಗಾಳಿ ಎಲ್ಲವನ್ನೂ ಗುಡಿಸಿಕೊಂಡು ಹೋಗಿತ್ತು. ಬರೀ ಕಲ್ಲು.

ಬಸ್ಸಿನ ಹತ್ತಿರ ಡ್ರೈವರ್ ಚೆಲುವಯ್ಯ ನಿಂತಿದ್ದ. ಒಂಬತ್ತು ವರ್ಷದ ಹಿಂದೆ ಆ ಬಸ್ಸನ್ನು ಓಡಿಸಿದ್ದವನೂ ಅವನೇ. ದಾರಿಯುದ್ದಕ್ಕೂ ಎಲ್ಲರಿಗೂ ತಮಾಷೆ ಮಾಡಿದವನು ಶಾಂತಾದೇವಿಯ ಮುಖ ಮಾತ್ರ ನೋಡಿರಲಿಲ್ಲ.

"ಚೆಲುವಯ್ಯ, ಎಲ್ಲಿಂದ ಬಿದ್ರು ತೋರ್ಸು ಬಾ," ಎಂದರು ಅವರು.

"ಆ ತುದೀಲಿ. ಸೀನರಿ ನೋಡ್ತಾ ಜಾರ್ಬುಟ್ಟ ಅಂತ ಆವತ್ತೇ ಹೇಳಿದ್ನಲ್ಲಕ್ಕ."

"ಅವ್ರು ಸೀನರಿ ನೋಡೋ ಮನ್ಸ ಅಲ್ಲ. ತಾಜಾ ಬೆಣ್ಣೆ ಸಿಗ್ತದೇನೋ ನೋಡೋ ಮನ್ಸ. ಮಣ್ಣು ತಗೋಬೇಕು ಕಣಪ್ಪ, ತಪ್ ಜಾಗದಲ್ಲಿ ತಗೊಂಡ್ರೆ ಆಗಕ್ಕಿಲ್ಲ. ನಿಜ ಹೇಳು."

ಚೆಲುವಯ್ಯ ಟೈರಿಗೆ ಕಾಲಿನಿಂದ ಒದ್ದ. ಮತ್ತೊಮ್ಮೆ ಒದ್ದ. ಆಮೇಲೆ ನಡೆಯತೊಡಗಿದ, ತುದಿಯ ಕಡೆಗಲ್ಲ, ಎಡಕ್ಕೆ. ಅಲ್ಲಿ ಕಾಲುದಾರಿಯೊಂದು ಕೆಳಗಿನ ಕಪ್ಪು ಬಂಡೆಯ ಹಾಸಿಗೆ ಇಳಿಯುತ್ತಿತ್ತು.

"ಅಲ್ಲಿ," ಎಂದ. "ಅನ್ನದ ತಪ್ಪಲೆ ಬೆಳಗ್ತಾ ಇದ್ದ. ಬಸ್ಸಲ್ಲಿ ನೀರಿರ್ಲಿಲ್ಲ. ಟ್ಯಾಂಕ್ ತುಂಬ್ಸೋದು ನನ್ ಕೆಲ್ಸ, ತುಂಬ್ಸಿರ್ಲಿಲ್ಲ. ಸಮುದ್ರ ಪೂರ್ತಿ ನೀರೇ ಅಲ್ವೇನೋ, ಹೋಗ್ ತೊಳ್ಕೊಂಬಾ ಅಂದೆ. ನಮ್ಮೂರ್ ಕಾವೇರಿ ಮೆಟ್ಲ ಮೇಲೆ ಕೂತಂಗೇ ಕೂತ್ಕೊಂಡ ಅಕ್ಕ. ನೀರಿಗೆ ಬೆನ್ನು ಹಾಕ್ಕೊಂಡು. ಇಲ್ಲಿಯೋರು ಯಾರೂ ಸಮುದ್ರಕ್ಕೆ ಬೆನ್ನು ಹಾಕಲ್ಲ. ನಂಗೂ ಗೊತ್ತಿರ್ಲಿಲ್ಲ, ಅವನ್ಗೂ ಗೊತ್ತಿರ್ಲಿಲ್ಲ. ಅಲೆ ಬಂದದ್ದು ನಾನು ನೋಡ್ದೆ. ಕೂಗೋದ್ರೊಳಗೆ ತಪ್ಪಲೇನೂ ಇಲ್ಲ, ಅವನೂ ಇಲ್ಲ."

ಶಾಂತಾದೇವಿ ಆ ಬಂಡೆಯನ್ನೇ ನೋಡಿದರು. ಅಲೆ ಬಂದು ಅದನ್ನು ಮುಚ್ಚುತ್ತಿತ್ತು, ತೆರೆಯುತ್ತಿತ್ತು.

"ನೀನು ಟ್ಯಾಂಕ್ ತುಂಬ್ಸಿರ್ಲಿಲ್ಲ," ಎಂದರು. "ನಾನು ದಾರ ಹೊಸೆದಿರ್ಲಿಲ್ಲ. ಬುಡು."

ಸೆರಗು ಸಿಕ್ಕಿಸಿ ಕೆಳಗಿಳಿಯಲು ಹೊರಟರು. ಚೆಲುವಯ್ಯ ಅಡ್ಡ ನಿಂತ. "ಅಲ್ಲಿ ಮಣ್ಣಿಲ್ಲ ಅಕ್ಕ. ದಿನಕ್ಕೆ ಸಾವಿರ ಸಲ ತೊಳೀತದೆ. ಬೋಳು ಬಂಡೆ."

"ಮತ್ತೆ ಬರಿಗೈಲಿ ಹೋಗ್ಲಾ?" ಅವರು ಖಾಲಿ ಡಬ್ಬಿಯನ್ನು ಅವನ ಮುಖದ ಮುಂದೆ ಹಿಡಿದರು. "ಮುಂದಿನ್ ವರ್ಷಕ್ಕೆ ಇರ್ತೀನಾ ನಾನು?"

ಚೆಲುವಯ್ಯ ಕಾಲುದಾರಿಯ ಮೇಲ್ತುದಿಯಲ್ಲಿ, ತೂತು ಕಲ್ಲಿನ ಒಂದು ದಿಬ್ಬದ ಬಳಿ ಕುಕ್ಕರುಗಾಲಲ್ಲಿ ಕೂತ. "ಚಪ್ಪಲಿ ಬಸ್ಸಲ್ಲೇ ಇತ್ತು ಅಂತ ತಂದ್ಕೊಟ್ಟೆನಲ್ಲ, ಅದೂ ಸುಳ್ಳು. ಇಲ್ಲಿದ್ವು. ನೀರಿಗೆ ಇಳಿಯೋಕ್ ಮುಂಚೆ ಚಪ್ಪಲಿ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ಕೊಂಡ. ಗಂಗಮ್ಮ ಅಲ್ವಾ. ಇಗೋ, ಈ ಕಲ್ ಮೇಲೆ. ಜೋಡಿ ನೆಟ್ಟಗೆ ಇಟ್ಟಿದ್ದ."

ಹಾಗಾದರೆ ಅವರ ಪಾದ ಕೊನೆಯದಾಗಿ ಒಣ ನೆಲ ಮುಟ್ಟಿದ್ದು ಅಲ್ಲಿ. ಆದರೆ ಅದೂ ಕಲ್ಲೇ. ನನಗೆ ತಡೆಯಲಾಗಲಿಲ್ಲ. ಜಂಬಿಟ್ಟಿಗೆ ನಿಜವಾಗಿ ಮಣ್ಣಿನಿಂದಲೇ ಆದದ್ದು, ಗಾಳಿ ಬಿಸಿಲಿಗೆ ಮೇಲ್ಪದರ ಗಟ್ಟಿಯಾಗುತ್ತದೆ, ಒಳಗೆ ಇನ್ನೂ ಮೆತ್ತಗಿರುತ್ತದೆ, ನಿನ್ನೆ ತಾನೆ ಸರ್ ಹೇಳಿದ್ದು ಎಂದು ಒಂದೇ ಉಸಿರಿಗೆ ಒದರಿ, ಚೀಲದಿಂದ ಜಿಯಾಲಜಿ ಸುತ್ತಿಗೆ ತೆಗೆದುಕೊಟ್ಟೆ. ಚೆಲುವಯ್ಯ ಕೈ ಚಾಚಿದ. ಶಾಂತಾದೇವಿ ಅವನಿಗೆ ಕೊಡಲಿಲ್ಲ. ತಾವೇ ಮಂಡಿಯೂರಿ ಹೊಡೆದರು. ನಾಲ್ಕು ಏಟಿಗೊಮ್ಮೆ ನಿಂತು ಎದೆ ಹಿಡಿದುಕೊಳ್ಳುತ್ತಿದ್ದರು. ಮೇಲಿನ ಚಿಪ್ಪು ಒಡೆಯುವುದಕ್ಕೇ ಬಹಳ ಹೊತ್ತು ಹಿಡಿಯಿತು. ಅದರ ಕೆಳಗೆ ಕುಂಕುಮದಂಥ ತೇವದ ಮಣ್ಣು. ಮೊಗಚೆಕೈಯಿಂದ ಕೆರೆದು ಡಬ್ಬಿಗೆ ತುಂಬಿದರು. ತುಟಿ ನೀಲಿಗಟ್ಟಿತ್ತು.

"ಮಧ್ಯಾಹ್ನದ ಅಡಿಗೆಗೆ ಹೊತ್ತಾಯ್ತು," ಎಂದು ಎದ್ದರು. ಆವತ್ತು ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು. ಹಿಂಬದಿಯ ಸೀಟಿನವರು ಮೂರು ಸಲ ಹಾಕಿಸಿಕೊಂಡರು.

ಮುಂದಿನ ಸೋಮವಾರ ಚಾಮುಂಡಿ ಬೆಟ್ಟದ ತಪ್ಪಲಿನ ರುದ್ರಭೂಮಿಗೆ ನನ್ನನ್ನೂ ಕರೆದರು. ಇದ್ದದ್ದು ನಾವು ಐವರು. ಶಾಂತಾದೇವಿ, ಚೆಲುವಯ್ಯ, ಮಠದಿಂದ ಬಂದ ಅಯ್ಯನವರು, ಗುಂಡಿ ತೋಡುವ ಮಹದೇವಪ್ಪ, ನಾನು.

"ಹೆಣ ಹಿಂದ್ಗಡೆ ಗಾಡೀಲಿ ಬತ್ತಾ ಇದ್ದದಾ?" ಎಂದ ಮಹದೇವಪ್ಪ. "ಅಳ್ತೆ ಬೇಕಲ್ಲ."

ಅವರ ಪದ್ಧತಿಯಲ್ಲಿ ಗುಂಡಿಯನ್ನು ಸತ್ತವರ ಪಾದದಿಂದಲೇ ಅಳೆಯಬೇಕು, ಒಂಬತ್ತು ಪಾದ. ಶಾಂತಾದೇವಿ ಚೀಲದಿಂದ ಒಂದು ಜೊತೆ ಹಳೆಯ ಚಪ್ಪಲಿ ತೆಗೆದರು. ಒಂಬತ್ತು ವರ್ಷದಿಂದ ಬಾಗಿಲ ಹತ್ತಿರ ಇಟ್ಟಿದ್ದವು. ಮಹದೇವಪ್ಪ ಒಂದನ್ನು ತೆಗೆದುಕೊಂಡು, ಧೂಳು ಒರೆಸಿ, ನೆಲದ ಮೇಲೆ ಒಂದೊಂದೇ ಹೆಜ್ಜೆಯಾಗಿ ಎತ್ತಿ ಇಟ್ಟ. ಒಂದು, ಎರಡು, ಮೂರು. ಯಾರೋ ಒಂಟಿ ಕಾಲಲ್ಲಿ ನಡೆದ ಹಾಗಿತ್ತು. ಚೆಲುವಯ್ಯ ಆ ಕಡೆ ತಿರುಗಿ ನಿಂತ.

ಒಂದು ಹಿಡಿ ಮಣ್ಣಿಗೆ ಇಡೀ ಮನುಷ್ಯನ ಗುಂಡಿ ತೋಡಿದರು. ಶಾಂತಾದೇವಿ ಲಿಂಗವನ್ನು ತಮ್ಮ ಎಡ ಅಂಗೈಯಲ್ಲಿಟ್ಟುಕೊಂಡು ಕೊನೆಯ ಪೂಜೆ ಮಾಡಿದರು. ಹೊಸದಾಗಿ ಹೊಸೆದ ಶಿವದಾರವನ್ನು ಅದಕ್ಕೆ ಸುತ್ತಿ ಗಂಟು ಹಾಕಿದರು, ಎಳೆದು ನೋಡಿದರು, ಮತ್ತೊಂದು ಗಂಟು ಹಾಕಿದರು. ಡಬ್ಬಿಯ ಕೆಂಪು ಮಣ್ಣನ್ನು ಅಂಗೈಗೆ ಸುರಿದುಕೊಂಡು ಗುಂಡಿಗೆ ಬಿಟ್ಟರು. ಆಮೇಲೆ ಅಯ್ಯನವರು ಲಿಂಗವನ್ನು ಆ ಮಣ್ಣಿನ ಮೇಲಿಟ್ಟು ಬಿಲ್ವಪತ್ರೆ ಮುಚ್ಚಿದರು. ಶಾಂತಾದೇವಿ ಅಳಲಿಲ್ಲ. "ದಾರ ಗಟ್ಟಿ ಐತೆ," ಎಂದಷ್ಟೇ ಗುಂಡಿಯ ಕಡೆ ಬಗ್ಗಿ ಹೇಳಿದರು.

ಮಾರನೇ ಬೆಳಗ್ಗೆ, ಗುಡ್ಡದಿಂದ ಬಂದ ಮೇಲೆ ಅವರಲ್ಲೇ ಉಳಿದಿದ್ದ ಸುತ್ತಿಗೆ ವಾಪಸ್ಸು ತರಲು ಅವರ ಮನೆಗೆ ಹೋದೆ. ಪೂಜೆ ನಡೆಯುತ್ತಿತ್ತು. ತಮ್ಮ ಲಿಂಗವನ್ನು ಕಟ್ಟಿಕೊಂಡಾಯಿತು. ಒಲೆಯ ಮೇಲೆ ಉಪ್ಪಿಟ್ಟು ಇತ್ತು, ನನಗೆ ಹಸಿವಾಗಿತ್ತು.

"ತಿಂಡಿ ತಿನ್ನಿ ಅಕ್ಕ, ಹೊತ್ತಾಯ್ತು," ಎಂದೆ.

"ತಡಿ, ಇನ್ನೊಂದು..." ಎಂದು ಎಡಗೈ ಚಾಚಿದವರು ಹಾಗೇ ಕೂತುಬಿಟ್ಟರು. ಅಂಗೈಯ ಗೆರೆಗಳಲ್ಲಿ ಆ ಮಣ್ಣಿನ ಕೆಂಪು ಬಣ್ಣ ಇನ್ನೂ ಹೋಗಿರಲಿಲ್ಲ. ಬಾಗಿಲ ಹತ್ತಿರ, ರುದ್ರಭೂಮಿಯಲ್ಲೇ ಬಿಟ್ಟುಬಂದ ಚಪ್ಪಲಿಯ ಜಾಗವೂ ಖಾಲಿಯಿತ್ತು. ಅವರು ಕೈ ಮಡಿಚಲಿಲ್ಲ. ಉಪ್ಪಿಟ್ಟು ತಳ ಹಿಡಿದ ವಾಸನೆ ಬಂತು. ಕೊನೆಗೆ ನಾನೇ ಎದ್ದು ಒಲೆ ಆರಿಸಿದೆ.