ಬಾವಿಯ ಪ್ರಾಜೆಕ್ಟು ಬರೆಸಿದ ಸರ್

ಬಸ್ಸಿನ ಗದ್ದಲದಲ್ಲೇ ಫೈನಲ್ ಪರೀಕ್ಷೆಗೆ ಓದಿದವರು ಯಾರಾದರೂ ಇದ್ದೀರಾ? ನಾನಿದ್ದೇನೆ. ಮೇಲಿನ ಕಂಬಿ ಹಿಡಿದು ಹಿಡಿದು ನಮ್ಮ ಇತಿಹಾಸದ ಸರ್ ಅಂಗೈ ಗಂಟುಗಟ್ಟಿ ಕಪ್ಪಾಗಿತ್ತು. ಅತಿಥಿ ಉಪನ್ಯಾಸಕರು. ಬೆಳಿಗ್ಗೆ ಬಾಗೇವಾಡಿಯಲ್ಲೊಂದು ಕಾಲೇಜು, ಮಧ್ಯಾಹ್ನ ಮುದ್ದೇಬಿಹಾಳದಲ್ಲೊಂದು. ಕ್ಲಾಸಿನಲ್ಲಿ ಮುಗಿಯದ ಪಾಠ ಬಸ್ಸಿನಲ್ಲಿ.

ನಾನು ಇಂಗಳೇಶ್ವರದಲ್ಲಿ ಹತ್ತಿದ ಕೂಡಲೇ ಸರ್ ನನ್ನ ಸೀಟಿನ ಪಕ್ಕ ನಿಂತು ಪ್ರಶ್ನೆ ಶುರು ಮಾಡುತ್ತಿದ್ದರು. ಕಂಡಕ್ಟರ್ ಬಿಡುತ್ತಿರಲಿಲ್ಲ: "ಅಕ್ಕಾರ, ನಿಮಗ ಬಸ್ಸೂ ಫ್ರೀ, ಪಾಠಾನೂ ಫ್ರೀ!"

"ನಿನಗೂ ಪ್ರಶ್ನಿ ಕೇಳ್ತೇನಿ, ಸುಮ್ನ ಸೀಟಿ ಊದೋ," ಎನ್ನುತ್ತಿದ್ದರು ಸರ್.

ಮಕ್ಕಳು ಹೈಸ್ಕೂಲು ಸೇರಿದ ಮೇಲೆ ಬಿ.ಎ. ಹಿಡಿದವಳು ನಾನು, ಅಂಗನವಾಡಿ ಕಾರ್ಯಕರ್ತೆ. ಡಿಗ್ರಿ ಇದ್ದರೆ ಮೇಲ್ವಿಚಾರಕಿಯಾಗುವ ಆಸೆ. ನಡುವೆ ಓದು ಬಿಟ್ಟು ಬಿಟ್ಟು, ಪದವಿ ಮುಗಿಸುವ ಗಡುವಿನ ಕೊನೆಯ ವರ್ಷಕ್ಕೆ ಬಂದು ನಿಂತಿದ್ದೆ. ಪ್ರಾಜೆಕ್ಟಿನಲ್ಲಿ ಪಾಸಾಗಲೇಬೇಕು.

ಬಸ್‌ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿಯಲ್ಲಿ ರೆಡಿ ಪ್ರಾಜೆಕ್ಟ್ ಸಿಗುತ್ತದೆ. ಮೇಲಿನ ಹಾಳೆಯ ಹೆಸರು ಬದಲಿಸಿದರೆ ಆಯಿತು. ಎಲ್ಲರೂ ಅದನ್ನೇ ತಂದರು. ನಾನೂ ತರುತ್ತೇನೆಂದಾಗ ಸರ್ ಬೈದರು: "ನಿಮ್ಮ ಓಣ್ಯಾಗ ಮಂದಿ ಇಲ್ಲೇನು? ಅವರನ್ನ ಕೇಳಿ ಬರಿಯವಾ."

ನಮ್ಮೂರ ಬಾವಿಯ ಬಗ್ಗೆ ಬರೆದೆ. ನಮ್ಮ ಕೇರಿಯವರು ಅದರ ಹಗ್ಗ ಮುಟ್ಟುವಂತಿರಲಿಲ್ಲ. ಹೊಸ ಸೊಸೆಯಾಗಿ ಬಂದ ನಮ್ಮತ್ತೆ ಕೊಡ ಕೆಳಗಿಟ್ಟು, ಯಾರಾದರೂ ನೀರು ಹೊಯ್ದಾರೆಂದು ಬಿಸಿಲಲ್ಲಿ ನಿಂತಿರುತ್ತಿದ್ದರಂತೆ. ಅವರು ಹೇಳಿದ್ದನ್ನು ಕೈಯಲ್ಲೇ ಬರೆದೆ. ಸರ್ ಬಸ್ಸಿನಲ್ಲಿ ನಿಂತೇ ಕೊನೆಯ ಹಾಳೆಯವರೆಗೆ ಓದಿದರು.

ವೈವಾಕ್ಕೆ ಹೊರಗಿನ ಪರೀಕ್ಷಕರು ಬಂದರು. "ಎಲ್ಲಿಂದ ಕಾಪಿ ಹೊಡದೀ? ಒಂದು ಪುಸ್ತಕದ ಹೆಸರೂ ಇಲ್ಲ."

"ನಮ್ಮತ್ತಿ ಹೇಳ್ಯಾರ್ರಿ."

ಅವರು ನಕ್ಕರು. ಸರ್ ಎದ್ದು ನಿಂತರು: "ಆ ಬಾವಿ ಮ್ಯಾಲ ಪುಸ್ತಕ ಯಾರೂ ಬರದಿಲ್ರಿ. ಅದಕ್ಕs ಈಕಿ ಬರದಾಳ."

"ಅತಿಥಿ ಅದೀರಿ, ಅತಿಥಿ ಹಂಗ ಇರ್ರಿ."

ಟೈಪು ಮಾಡಿಸಿ, ಬೈಂಡು ಹಾಕಿಸಿ ತಂದ ಅಂಗಡಿ ಪ್ರಾಜೆಕ್ಟುಗಳೆಲ್ಲ ಪಾಸು. ನಾನು ಫೇಲು. ಗಡುವೂ ಮುಗಿಯಿತು.

ಫಲಿತಾಂಶದ ದಿನ ಸರ್ ನನ್ನ ಮುಖ ನೋಡಲಿಲ್ಲ. "ನಾ ಹೇಳಿದ್ದs ತಪ್ಪಾತವಾ. ಅಂಗಡ್ಯಾಗಿಂದು ತಂದಿದ್ರ ಪಾಸ್ ಆಗ್ತಿದ್ದಿ." ನಾನು ಏನಾದರೂ ಹೇಳಬೇಕಿತ್ತು. ಅಳುತ್ತಲೇ ಮನೆಗೆ ಹೋದೆ.

ಮುಂದಿನ ವರ್ಷ ಅವರಿಗೆ ಯಾವ ಕಾಲೇಜಿನಿಂದಲೂ ಕರೆ ಬರಲಿಲ್ಲ. ಮಳೆಗಾಲದಲ್ಲಿ ಕಾಮಾಲೆಯಾಗಿ ತೀರಿಕೊಂಡರು. ನನ್ನನ್ನು ಹಾಳು ಮಾಡಿದೆನೆಂದು ತಿಳಿದುಕೊಂಡೇ ಹೋದರು. ನಾನಿನ್ನೂ ಅದೇ ಅಂಗನವಾಡಿಯಲ್ಲಿದ್ದೇನೆ. ಆದರೆ ಆ ಬಾವಿಯ ಹತ್ತಿರ ಏನಾಯಿತೆಂದು ನಮ್ಮತ್ತೆಯನ್ನು ಇಡೀ ಜನ್ಮದಲ್ಲಿ ಒಬ್ಬರೂ ಕೇಳಿರಲಿಲ್ಲ. ಕೇಳು ಎಂದು ನನ್ನನ್ನು ಕಳಿಸಿದವರು ಸರ್. ಇದನ್ನು ಅವರಿಗೆ ಹೇಳಲೇ ಇಲ್ಲ.

ನಿಮಗೂ ಇಂಥ ಸರ್ ಯಾರಾದರೂ ಇದ್ದು, ಇನ್ನೂ ಬದುಕಿದ್ದರೆ ಇವತ್ತೇ ಹೋಗಿ ಹೇಳಿ. ಇಲ್ಲವಾಗಿದ್ದರೆ ಕೆಳಗೆ ಬರೆಯಿರಿ, ನಾವಾದರೂ ಓದುತ್ತೇವೆ.