ಖಾಲಿ ಕುರ್ಚಿಯ ಮೇಲಿನ ಗಾಳಿ

ಮುಲುಂಡಿನ ನಮ್ಮ ಎರಡು ಕೋಣೆಗಳ ಮನೆಯಲ್ಲಿ, ಮುಂದಿನ ಕೋಣೆಯ ಫ್ಯಾನು ಮಧ್ಯಾಹ್ನದ ಹೊತ್ತು ಯಾರೂ ಇಲ್ಲದೆಯೇ ತಿರುಗುತ್ತಿರುತ್ತದೆಂಬುದು ನನ್ನ ಮೇಲೆ ನನ್ನ ಹೆಂಡತಿ ಹೊರಿಸಿರುವ ಆರೋಪಗಳಲ್ಲಿ ಅತ್ಯಂತ ಹೊಸದು, ಮತ್ತು ದುರದೃಷ್ಟವಶಾತ್ ಅಕ್ಷರಶಃ ಸತ್ಯವಾದದ್ದು. "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಊರಿಗೆಲ್ಲ ಕರೆಂಟು ಉಳಿಸಿ ಅಂತ ಭಾಷಣ ಮಾಡಿದೋರು ನೀವು. ಯಾರಿಗ್ರೀ ಈ ಗಾಳಿ, ಕುರ್ಚಿಗಾ?" ಎಂದು ಅವಳು ಅಡುಗೆಮನೆಯಿಂದಲೇ ಕೇಳುತ್ತಾಳೆ. ಭಾಷಣ ಮಾಡಿದ್ದೂ ನಿಜವೇ. ಎರಡು ವರ್ಷದ ಹಿಂದೆ ನಿವೃತ್ತನಾಗುವವರೆಗೆ ನಾನು ನಗರಪಾಲಿಕೆಯ ಗುಮಾಸ್ತನಾಗಿದ್ದೆ. ಆ ಗುಮಾಸ್ತಗಿರಿಯಲ್ಲಿ ಕೀರ್ತಿ ಎಂಬುದೇನಾದರೂ ನನಗೆ ಬಂದಿದ್ದರೆ ಅದು ವಿದ್ಯುತ್ ಉಳಿತಾಯದಿಂದ ಬಂದದ್ದು. ಆ ಕೀರ್ತಿಯ ಕಥೆಯನ್ನು, ಹೆಂಡತಿಯನ್ನು ಬಿಟ್ಟರೆ, ನಿಮಗೊಬ್ಬರಿಗೆ ಪೂರ್ತಿ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕುರ್ಲಾದ ಒಂದು ಆಫೀಸಿನಲ್ಲಿದ್ದೆ. ಉದ್ದನೆಯ ಹಾಲ್, ಹದಿನೇಳು ಮೇಜು, ಹದಿನೇಳು ಫ್ಯಾನು. ಗುಮಾಸ್ತ ಕುರ್ಚಿಯಲ್ಲಿ ಇಲ್ಲದಿದ್ದರೂ ಅವನ ತಲೆಯ ಮೇಲಿನ ಫ್ಯಾನು ತಿರುಗುತ್ತಿದ್ದರೆ, ಕುರ್ಚಿಯ ಬೆನ್ನಿಗೆ ಕೊಡೆ ತೂಗುತ್ತಿದ್ದರೆ, ತೆರೆದ ಫೈಲಿನ ಮೇಲೆ ಕನ್ನಡಕದ ಡಬ್ಬಿ ಕೂತಿದ್ದರೆ, ಅವನು ಇದ್ದಾನೆಂದೇ ಅರ್ಥ: ಇಲ್ಲೇ ಎಲ್ಲೋ, ಚಹಾಕ್ಕೋ ಇನ್ನೆಲ್ಲಿಗೋ ಹೋಗಿದ್ದಾನೆ, ಈಗ ಬಂದಾನು. ನೀರಿನ ನಲ್ಲಿಯ ಅರ್ಜಿ ಹಿಡಿದು ಚಾಳುಗಳ ವಠಾರದಿಂದ ಬಂದವರು ಆ ತಿರುಗುವ ಫ್ಯಾನನ್ನೇ ಭಕ್ತಿಯಿಂದ ನೋಡುತ್ತ ಬೆಂಚಿನ ಮೇಲೆ ಕಾಯುತ್ತಿದ್ದರು. ದೇವರು ಗರ್ಭಗುಡಿಯಲ್ಲಿ ಇಲ್ಲದಿದ್ದರೂ ನಂದಾದೀಪ ಉರಿಯುತ್ತಿದ್ದರೆ ಭಕ್ತರಿಗೆ ಸಾಕಲ್ಲವೆ?

ಹೀಗಿರುವಾಗ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು. ವಿದ್ಯುತ್ತನ್ನು ಮಿತವಾಗಿ ಬಳಸಬೇಕು, ಸಿಬ್ಬಂದಿಯನ್ನೂ ಅದರಲ್ಲಿ ತೊಡಗಿಸಬೇಕು, ಅದಕ್ಕೊಬ್ಬ ಸಂಚಾಲಕನನ್ನು ನೇಮಿಸಬೇಕು. ಸ್ವಿಚ್ ಬೋರ್ಡಿಗೆ ಎಲ್ಲರಿಗಿಂತ ಹತ್ತಿರದ ಮೇಜು ನನ್ನದಾಗಿತ್ತೆಂಬ ಏಕೈಕ ಅರ್ಹತೆಯಿಂದ ನಮ್ಮ ಸಾಹೇಬರು ನನ್ನನ್ನೇ ಆರಿಸಿದರು. ಹಳೇ ಮೈಸೂರಿನ ಮನುಷ್ಯ ನಾನು. ಹೊಣೆ ಎಂದರೆ ಮೈಮೇಲೆ ದೇವರು ಬಂದಂತೆ. ಎರಡು ದಿನ ಕೂತು ಯಾವ ಸ್ವಿಚ್ಚು ಯಾವ ಫ್ಯಾನಿನದೆಂದು ಪತ್ತೆ ಮಾಡಿ, ಚೀಟಿ ಬರೆದು, ಗೋಂದು ಹಚ್ಚಿ ಅಂಟಿಸಿದೆ. ಸಿಬ್ಬಂದಿಯನ್ನು ತೊಡಗಿಸಬೇಕೆಂಬ ಸಾಲನ್ನು ಮಾತ್ರ ಅವಸರದಲ್ಲಿ ದಾಟಿಕೊಂಡುಬಿಟ್ಟೆ.

ಈಗ ದೇಸಾಯರ ವಿಷಯ ಹೇಳಬೇಕು. ಅವರು ಧಾರವಾಡದ ಕಡೆಯವರು, ನನ್ನ ಪಕ್ಕದ ಮೇಜು, ನನ್ನ ಹಾಗೆಯೇ ಮುಲುಂಡಿನಿಂದ ಲೋಕಲ್ ರೈಲಿನಲ್ಲಿ ಬರುತ್ತಿದ್ದವರು. ಲೋಕಲ್ಲಿನ ಫ್ಯಾನುಗಳು ಸ್ವಿಚ್ಚು ಹಾಕಿದ ಮಾತ್ರಕ್ಕೆ ತಿರುಗುವಂಥವಲ್ಲ. ಯಾರಾದರೂ ಜೇಬಿನ ಬಾಚಣಿಗೆಯಿಂದ ರೆಕ್ಕೆಯನ್ನು ಮೆಲ್ಲಗೆ ನೂಕಬೇಕು. ನಮ್ಮ ರೈಲುಡಬ್ಬಿಯಲ್ಲಿ ಆ ಕೆಲಸ ದೇಸಾಯರದು. ಎತ್ತರದ ಆಳು, ತಲೆಯಲ್ಲಿ ಕೂದಲು ಅಷ್ಟಕ್ಕಷ್ಟೇ, ಬಾಚಣಿಗೆ ಇಟ್ಟುಕೊಂಡಿದ್ದದ್ದೇ ಈ ಪರೋಪಕಾರಕ್ಕೆ. ಫ್ಯಾನು ಗಿರ್ರನೆ ಹೊರಟ ಕೂಡಲೇ ನನ್ನತ್ತ ತಿರುಗಿ, "ಹೂಂ, ಬಂತು ನೋಡ್ರಿ ನಿಮ್ಮ ಮೈಸೂರ ಗಾಳಿ" ಎನ್ನುತ್ತಿದ್ದರು. ಆ ಮಳೆಗಾಲದಲ್ಲಿ ಅವರ ದಿನಚರಿ ಬದಲಾಗಿತ್ತು. ಬೆಳಿಗ್ಗೆ ಜೊತೆಗೆ ಬಂದರೂ ಸಂಜೆ ನನ್ನೊಡನೆ ಮರಳುತ್ತಿರಲಿಲ್ಲ. ಮೂರೂವರೆಗೆ ಎದ್ದು ಹೋದರೆ ಅವರ ಫ್ಯಾನು ಮಾತ್ರ ಐದೂವರೆಯವರೆಗೆ ತಿರುಗುತ್ತಿತ್ತು. ಎಲ್ಲಿಗೆ ಹೋಗುತ್ತೀರೆಂದು ನಾನು ಕೇಳಲಿಲ್ಲ. ಕೇಳದಿರುವುದನ್ನೇ ಸಭ್ಯತೆ ಎಂದುಕೊಂಡಿದ್ದ ಮೂರ್ಖ ನಾನು.

ಅಭಿಯಾನದ ಮೊದಲ ದಿನ, ನಾಲ್ಕು ಗಂಟೆಗೆ, ನಾನು ಬೋರ್ಡಿನ ಮುಂದೆ ನಿಂತು ಖಾಲಿ ಕುರ್ಚಿಗಳ ಮೇಲಿನ ಫ್ಯಾನುಗಳನ್ನೆಲ್ಲ ಒಂದೊಂದಾಗಿ ಆರಿಸಿದೆ. ಹದಿನೇಳರಲ್ಲಿ ಹನ್ನೊಂದು ನಿಂತವು! ವರ್ಷಗಟ್ಟಲೆ ಆ ಹಾಲ್‌ನಲ್ಲಿ ತುಂಬಿದ್ದ ಗರಗರ ಸದ್ದು ಒಮ್ಮೆಲೇ ನಿಂತು, ಫಡಫಡಿಸುತ್ತಿದ್ದ ಕಾಗದಗಳು ಸುಮ್ಮನಾದವು. ಆ ನಿಶ್ಶಬ್ದಕ್ಕೇ ಗಾಬರಿಯಾಗಿ ಸಾಹೇಬರು ಕ್ಯಾಬಿನ್ನಿನಿಂದ ಹೊರಬಂದರು. ತಲೆಯೆತ್ತಿ, ನಿಂತುಹೋದ ಫ್ಯಾನುಗಳನ್ನು ಎಣಿಸಿದರು. ತಲೆ ತಗ್ಗಿಸಿ ಕುರ್ಚಿಗಳನ್ನು ಎಣಿಸಿದರು. ಕಾಲು ಗಂಟೆಯಲ್ಲಿ ಹತ್ತು ಜನ ಚಹಾದಿಂದ ಓಡೋಡಿ ಬಂದರು. ದೇಸಾಯರು ಬರಲಿಲ್ಲ. ಮರುದಿನ ಅವರ ಮೇಜಿನ ಮೇಲೆ ಮೆಮೊ ಬಂತು.

ಅವರು ಅದನ್ನು ಓದಿ, ಮಡಿಚಿ, ಜೇಬಿನಲ್ಲಿಟ್ಟುಕೊಂಡರು. ಅಂದಿನಿಂದ ಐದೂವರೆಯವರೆಗೆ ಕುರ್ಚಿ ಬಿಟ್ಟು ಕದಲಲಿಲ್ಲ. ಬೆಳಗಿನ ಲೋಕಲ್ಲಿನಲ್ಲಿ ಎಂದಿನಂತೆ ಬಾಚಣಿಗೆಯಿಂದ ಫ್ಯಾನು ನೂಕಿದರು, ಮೈಸೂರ ಗಾಳಿಯ ಮಾತು ಮಾತ್ರ ಆಡಲಿಲ್ಲ. ಉಳಿದವರಂತೂ ನನ್ನ ಮೇಲೆ ಹಲ್ಲು ಮಸೆಯುತ್ತಿದ್ದರು. ಚಹಾ ನನ್ನ ಮೇಜನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಹೀಗೆ ಎಂಟು ಕೆಲಸದ ದಿನ ಕಳೆದ ಮೇಲೆ, ಬಿಜಾಪುರದ ಕಡೆಯವನಾದ ನಮ್ಮ ಆಫೀಸಿನ ಜವಾನ ಯಲ್ಲಪ್ಪ ನನ್ನನ್ನು ಮೆಟ್ಟಿಲ ಹತ್ತಿರ ತಡೆದು ನಿಲ್ಲಿಸಿದ.

"ಸಾಹೇಬ್ರ, ದೇಸಾಯರ ಪಂಖಾ ದಿನಾ ಹಚ್ಚಿ ಇಡಾಂವ ನಾನ ರೀ. ಅವರ ಮನ್ಯಾಗಿನ ಬಾಯಾರು ಪರೇಲ್ ದವಾಖಾನ್ಯಾಗ ಅದಾರ. ನಾಕರಿಂದ ಆರರ ತನಕಾ ಅಷ್ಟ ಒಳಗ ಬಿಡ್ತಾರ. ಇಲ್ಲಿ ಐದೂವರಿಗೆ ಬಿಟ್ಟು ಅಲ್ಲಿ ಹೋಗೂದರಾಗ ಗಂಟಿ ಹೊಡದಿರತೈತಿ. ಎಂಟ ದಿನಾ ಆತು, ಗೇಟಿನಿಂದನ ತಿರುಗಿ ಬರಾಕತ್ತಾರ."

ನಾನು ಅಲ್ಲಿಂದಲೇ ಹಿಂದಿರುಗಿದೆ. ನೇರ ಸಾಹೇಬರ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಅವರೇನು ಕಟುಕರಲ್ಲ, "ಮೊದಲೇ ಹೇಳಬಾರದಿತ್ತೆ?" ಎಂದು ಮರಾಠಿಯಲ್ಲಿ ಹಲುಬುತ್ತ ಅವತ್ತೇ ಅನುಮತಿ ಬರೆದುಕೊಟ್ಟರು. ಮೂರೂವರೆಗೆ ದೇಸಾಯರು ಎದ್ದರು, ಬೋರ್ಡಿನ ಹತ್ತಿರ ಬಂದು ತಮ್ಮ ಫ್ಯಾನನ್ನು ತಾವೇ ಆರಿಸಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. "ಬಿಡ್ರಿ. ಹೇಳಿದ್ರ ದಿನಾ ಹದಿನಾರು ಮಂದಿ ಹ್ಯಾಂಗ ಅದಾರ ಅಂತ ಕೇಳ್ತಿದ್ರು, ಹದಿನಾರು ಸರ್ತೆ ಹೇಳೂ ಧೈರ್ಯ ನನಗಿರಲಿಲ್ಲ. ನಿಮಗ ಹ್ಯಾಂಗ ಗೊತ್ತಾಗಬೇಕು?" ಎಂದು ನನ್ನ ಭುಜ ತಟ್ಟಿ ಹೋದರು. ಆ ತಿಂಗಳು ಮುಗಿಯುವ ಮೊದಲೇ ಅವರ ಹೆಂಡತಿ ತೀರಿಕೊಂಡರು. ದೇಸಾಯರು ಅವಧಿಗೆ ಮುನ್ನವೇ ನಿವೃತ್ತಿ ಪಡೆದು ಧಾರವಾಡಕ್ಕೆ ಹೊರಟುಹೋದರು.

ಅದಾದ ಮೇಲೆ ನಡೆದದ್ದೇ ನನ್ನ ಕೀರ್ತಿ. ಹಾಲ್‌ನಲ್ಲಿ ಎಲ್ಲರ ಮುಂದೆ ನಿಂತು ತಪ್ಪೊಪ್ಪಿಕೊಂಡು, ಇನ್ನು ನೀವೇ ಹೇಳಿ ಎಂದೆ. ಯಲ್ಲಪ್ಪನೇ ಹೇಳಿದ: ಏಳುವವನು ತನ್ನ ಫ್ಯಾನು ತಾನೇ ಆರಿಸಲಿ, ಎಲ್ಲಿಗೆ ಹೋಗುತ್ತೇನೆಂದು ಪಕ್ಕದವನಿಗೆ ಒಂದು ಮಾತು ಹೇಳಲಿ, ಹೇಳಿ ಹೋದವನನ್ನು ಗೈರುಹಾಜರೆಂದು ಯಾರೂ ಬರೆಯದಿರಲಿ. ಸಾಹೇಬರು ಒಪ್ಪಿದರು. ಫ್ಯಾನುಗಳು ತಾವಾಗಿ ನಿಂತವು, ವಿದ್ಯುತ್ತು ಉಳಿಯಿತು, ಯಾರ ಮಗನಿಗೆ ಜ್ವರ, ಯಾರ ತಂಗಿಗೆ ವರ ಸಿಕ್ಕಿದ ಎಂಬುದೂ ಎಲ್ಲರಿಗೂ ತಿಳಿಯತೊಡಗಿತು. ಮೇಲಿನಿಂದ ಮೆಚ್ಚುಗೆಯ ಪತ್ರ ಬಂತು. ಬೊರಿವಲಿಯ ಆಫೀಸಿಗೂ ಮುಲುಂಡಿನ ಆಫೀಸಿಗೂ ಹೋಗಿ ನಾನು ಉಪನ್ಯಾಸ ಕೊಟ್ಟೆ. ಈಚೆಗೆ ಭೂಮಿಯೇ ಬಿಸಿಯಾಗುತ್ತಿದೆಯೆಂದು ಪತ್ರಿಕೆಗಳು ಬರೆಯತೊಡಗಿದ ಮೇಲಂತೂ ನಾನೊಬ್ಬ ದಾರ್ಶನಿಕನೇ ಆಗಿಬಿಟ್ಟೆ. ಆದರೆ ಮೊದಲ ಎಂಟು ದಿನ ನಾನು ಉಳಿಸಿದ್ದು ಏನು, ಕಳೆದದ್ದು ಏನೆಂಬುದನ್ನು ಯಾವ ಉಪನ್ಯಾಸದಲ್ಲೂ ಹೇಳಲಿಲ್ಲ.

ಧಾರವಾಡಕ್ಕೆ ಬರೆದ ಕಾಗದಗಳಿಗೆ ಮೊದಮೊದಲು ಉತ್ತರ ಬರುತ್ತಿತ್ತು, ಆಮೇಲೆ ನಿಂತಿತು. ಲೋಕಲ್ಲಿನಲ್ಲಿ ಈಗಲೂ ನಿಂತ ಫ್ಯಾನು ಕಂಡರೆ ನನ್ನ ಕೈ ಜೇಬಿಗೆ ಹೋಗುತ್ತದೆ, ಆದರೆ ನಾನು ಕುಳ್ಳ, ಎಟಕುವುದಿಲ್ಲ. ದೇಸಾಯರನ್ನು ನೋಡಬೇಕೆನಿಸುತ್ತದೆ. ಎಷ್ಟೆಂದು ಹೇಳಲಿ? ಎದುರಿಗೆ ಕೂರಿಸಿಕೊಂಡು, ಬಾಯಾರು ಹೇಗಿದ್ದರು, ಏನು ಮಾತಾಡುತ್ತಿದ್ದರು ಎಂದು ಅಂದು ಕೇಳದಿದ್ದುದನ್ನೆಲ್ಲ ಕೇಳಬೇಕೆನಿಸುತ್ತದೆ.

ನಿನ್ನೆ ಮಧ್ಯಾಹ್ನವೂ ಮುಂದಿನ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ನನ್ನ ಹೆಂಡತಿ ಸ್ವಿಚ್ಚಿಗೆ ಕೈಯಿಟ್ಟು, "ಇವತ್ತಾದ್ರೂ ಹೇಳಿ, ಯಾರಿಗಿದು?" ಎಂದಳು. "ದೇಸಾಯರು ಹೊರಗೆ ಹೋಗಿದಾರೆ ಕಣೇ" ಎಂದೆ. ಅವಳು ಗೋಡೆಯ ಗಡಿಯಾರ ನೋಡಿದಳು, ನಾಲ್ಕೂ ಕಾಲು. ಕೈ ಹಿಂದಕ್ಕೆ ತೆಗೆದು, ಹಾರುತ್ತಿದ್ದ ಪತ್ರಿಕೆಯ ಮೇಲೆ ನನ್ನ ಕನ್ನಡಕದ ಡಬ್ಬಿ ಇಟ್ಟು, "ಆರಕ್ಕೆ ಆರಿಸಿಬಿಡಿ, ಆಯ್ತಾ?" ಎಂದು ಒಳಗೆ ಹೋದಳು. ಗಂಟೆ ಆರು ಹೊಡೆದ ಮೇಲೆ ನಾನೇ ಎದ್ದು ಆರಿಸಿದೆ.